ಅತ್ತಿಗೆ ಸೇರಿಸಿದ ಒಂದು ಸಾಲು

ನಮ್ಮ ಅತ್ತಿಗೆ ನಗಲು ಶುರು ಮಾಡಿದರೆ ಎದುರು ಮನೆಯ ಕಿಟಕಿ ತೆರೆದುಕೊಳ್ಳುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮ ಆ ನಗುವಿಗೆ ಬೆಚ್ಚಿಬಿದ್ದು ಕೈಲಿದ್ದ ಲೋಟ ಬೀಳಿಸಿದ್ದಳು. ಕೆಲವು ದಿನ ಕಳೆದ ಮೇಲೆ, ಅತ್ತಿಗೆ ನಗದೆ ಇದ್ದರೆ "ಯಾಕೆ, ಮೈ ಹುಷಾರಿಲ್ವಾ?" ಎಂದು ತಾನೇ ಹೋಗಿ ಹಣೆ ಮುಟ್ಟಿ ನೋಡತೊಡಗಿದಳು.

ನಮ್ಮದು ಓಡುವ ಅಕ್ಷರದ ಬೋರ್ಡು ಮಾಡುವ ಮನೆ. ಕೆಳಗೆ ವರ್ಕ್‌ಶಾಪು, ಮೇಲೆ ಸಂಸಾರ. ಅಂಗಡಿಗಳ ಮುಂದೆ, ಬಸ್ ನಿಲ್ದಾಣದಲ್ಲಿ, ಬ್ಯಾಂಕಿನ ಕೌಂಟರಿನ ಮೇಲೆ ಕೆಂಪು ಅಕ್ಷರಗಳು ಬಲದಿಂದ ಎಡಕ್ಕೆ ಹರಿದುಹೋಗುತ್ತವಲ್ಲ, ಅವು. ಅಪ್ಪ ಮೊದಲು ತಗಡಿನ ಮೇಲೆ ಬ್ರಷ್ಷಿನಿಂದ ಅಕ್ಷರ ಬರೆಯುತ್ತಿದ್ದವರು. ಕಾಲ ಬದಲಾದಾಗ ಬ್ರಷ್ಷು ಕೆಳಗಿಟ್ಟು, ಹಳೆಯ ಕಂಪ್ಯೂಟರೊಂದನ್ನೂ ದಪ್ಪನೆಯ ಪುಸ್ತಕವೊಂದನ್ನೂ ತಂದು ಪ್ರೋಗ್ರಾಂ ಬರೆಯುವ ಸಿ ಭಾಷೆಯನ್ನು ತಾವೇ ಕಲಿತರು. ಬೀದಿಯವರಿಗೆಲ್ಲ ಅವರು ಬೋರ್ಡು ಮಾಸ್ತರು. ಅಣ್ಣನದು ಏಣಿ ಹತ್ತಿ ಬೋರ್ಡು ಕಟ್ಟುವ ಕೆಲಸ. ನನ್ನದು ಬೆಸುಗೆ; ಪುಟ್ಟ ದೀಪಗಳನ್ನು ಹಸಿರು ಹಲಗೆಯ ಮೇಲೆ ಕೂರಿಸಿ ಅವುಗಳ ಕಾಲು ಬೆಸೆಯುವುದು. ಅಮ್ಮನಿಗೆ ಫೋನು ಎತ್ತುವ ಕೆಲಸ, ಗಿರಾಕಿಗಳನ್ನು ಸಮಾಧಾನ ಮಾಡುವ ಕೆಲಸ, ಅಪ್ಪನನ್ನು ಊಟಕ್ಕೆ ಎಬ್ಬಿಸುವ ಕೆಲಸ. ಇದರಲ್ಲಿ ಕೊನೆಯದೇ ಕಷ್ಟದ್ದು.

ಅತ್ತಿಗೆ ದರ್ಜಿಯ ಮನೆಯಲ್ಲಿ ಬೆಳೆದವಳು. ಅವಳ ತಾಯಿ ಹೊಲಿಗೆ ಯಂತ್ರದ ಮುಂದೆ ಕೂತು ಬೀದಿಗೆಲ್ಲ ಅಂಗಿ ಹೊಲಿದುಕೊಡುತ್ತಿದ್ದರಂತೆ. ಕಾಜ ಕತ್ತರಿಸುವುದು, ಗುಂಡಿ ಹಾಕುವುದು ಮಗಳ ಪಾಲು. ಆಮೇಲೆ ಓದಿ, ವಿದ್ಯುತ್ ಮೀಟರು ತಯಾರಿಸುವ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದ್ದಳು. ಮದುವೆಯಾದ ಮೇಲೆ ಅಪ್ಪನೇ ಅವಳನ್ನು ಕರೆದರು. "ಊರವರ ಮೀಟರು ತಿರುಗಿಸಿದ್ದು ಸಾಕು ಕಣಮ್ಮ. ನಮ್ಮ ಬೋರ್ಡಿಗೆ ಬಾ. ನನಗೂ ಮಾತಾಡೋಕೆ ಒಬ್ಬರು ಬೇಕು. ಇವರಿಗೆಲ್ಲ ಪ್ರೋಗ್ರಾಂ ಅಂದ್ರೆ ನಿದ್ದೆ ಬರುತ್ತೆ."

ಹೀಗೆ ಅತ್ತಿಗೆ ವರ್ಕ್‌ಶಾಪಿಗೆ ಇಳಿದಳು. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವಳು. ಸ್ವರ ತಪ್ಪಿದ ಹಾಡೊಂದನ್ನು ಗುನುಗುತ್ತಲೇ ಇರುವಳು. ಬೆಸುಗೆ ಹಾಕುತ್ತಿದ್ದ ನನ್ನನ್ನು "ಬೆಸುಗೆ ರಾಣಿ" ಎನ್ನುವಳು. ಅಪ್ಪನೂ ಅವಳೂ ಮಾತಿಗೆ ಕೂತರೆ ಚಹಾ ಆರಿ ಕೆನೆ ಕಟ್ಟುತ್ತಿತ್ತು.

ಬಂದ ಕೆಲವೇ ದಿನಕ್ಕೆ ಅವಳ ಗುನುಗು ನಿಂತಿತು. ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಏನಾಯಿತೆಂದು ಕೇಳಿದೆ.

"ಮಾವನ 'ತೋರಿಸು' ಇದೆಯಲ್ಲ, ಅದನ್ನ ನೋಡ್ದೆ ಕಣೇ" ಎಂದಳು.

'ತೋರಿಸು' ಎಂದರೆ ಅಪ್ಪ ಬರೆದ ಒಂದು ಫಂಕ್ಷನ್, ಅಂದರೆ ಪ್ರೋಗ್ರಾಮಿನೊಳಗೆ ಒಂದೇ ಕೆಲಸ ಮಾಡುವ ತುಣುಕು. ಬೋರ್ಡಿನ ಮೇಲೆ ಯಾವ ಅಕ್ಷರ ಮೂಡಬೇಕಾದರೂ ಅದರ ಮೂಲಕವೇ ಹೋಗಬೇಕು. ಮನೆಗೆ ಬಂದವರಿಗೆಲ್ಲ ಅಪ್ಪ ಅದರ ಕಥೆ ಹೇಳುತ್ತಿದ್ದರು. ತೊಟ್ಟಿಲಲ್ಲಿದ್ದ ನನ್ನನ್ನು ಒಂದು ಕಾಲಲ್ಲಿ ತೂಗುತ್ತ ಬರೆದರಂತೆ.

"ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ. ಅದೇ ತಾಪತ್ರಯ." ಅವಳು ಒದ್ದೆ ಅಂಗಿಯೊಂದನ್ನು ಎತ್ತಿ ಹಿಡಿದಳು. "ನೋಡು. 'ತೋರಿಸು'ಗೆ ಮೊದಲು ಒಂದು ವಾಕ್ಯ ಕೊಡ್ತೀವಿ. ಟೋಕನ್ ಇಷ್ಟು, ಡಾಕ್ಟರು ಇಂಥವರು ಅಂತ. 'ಇಷ್ಟು' ಇರೋ ಜಾಗದಲ್ಲಿ ಶೇಕಡಾ ಚಿಹ್ನೆ ಹಾಕಿ ಪಕ್ಕದಲ್ಲಿ ಡಿ ಬರೀತೀವಿ. ಡಿ ಅಂದ್ರೆ ಇಲ್ಲಿಗೊಂದು ಸಂಖ್ಯೆ ಬರುತ್ತೆ ಅಂತ. ಹೆಸರು ಬರೋ ಕಡೆ ಎಸ್. ಇವು ಕಾಜ ಅಂದ್ಕೋ. ಆಮೇಲೆ ಸಾಲಾಗಿ ಗುಂಡಿ ಕೊಡ್ತೀವಿ, ಆ ಸಂಖ್ಯೆ, ಆ ಹೆಸರು. ಒಂದು ಕೊಡಬಹುದು, ಹತ್ತು ಕೊಡಬಹುದು. ಈಗ ಕಾಜ ಮೂರಿದ್ದು ಗುಂಡಿ ಎರಡೇ ಕೊಟ್ರೆ ಏನಾಗುತ್ತೆ?"

"ಒಂದು ಕಾಜ ಖಾಲಿ ಉಳಿಯುತ್ತೆ."

"ಉಳಿಯಲ್ಲ! ಪಕ್ಕದಲ್ಲಿ ಏನು ಸಿಗುತ್ತೋ ಅದನ್ನ ಎಳೆದು ತಂದು ಸಿಕ್ಕಿಸ್ಕೊಳ್ಳುತ್ತೆ. ಪರದೆ, ಟವೆಲ್ಲು, ಬೆಕ್ಕಿನ ಬಾಲ. ಸಂಖ್ಯೆ ಬರಬೇಕಾದಲ್ಲಿ ಹೆಸರು ಕೊಟ್ರೂ ಅಷ್ಟೆ. ಅದಕ್ಕೆ ಅನುಮಾನವೇ ಬರಲ್ಲ. ವಾಕ್ಯ ಹೇಳಿದ್ದೇ ಸತ್ಯ ಅಂತ ನಂಬ್ಕೊಂಡು ಮುಂದೆ ಹೋಗುತ್ತೆ."

"ಹಂಗಾದ್ರೆ ಎಲ್ಲರಿಗೂ ಹಿಂಗೇ ಆಗ್ಬೇಕಲ್ಲ?"

ಅದಕ್ಕೂ ಉತ್ತರವಿತ್ತು. ನಾವು ಬರೆದದ್ದನ್ನು ಯಂತ್ರದ ಮಾತಿಗೆ ತಿರುಗಿಸಿ ಕೊಡುವ ಕಂಪೈಲರ್ ಎಂಬ ಪ್ರೋಗ್ರಾಂ ಇದೆಯಲ್ಲ, ಅದಕ್ಕೆ ಸಿ ಭಾಷೆಯ ಜೊತೆಗೇ ಬರುವ ಇಂಥ ಫಂಕ್ಷನ್‌ಗಳ ಪರಿಚಯವಿದೆ. ಅಲ್ಲಿ ಕಾಜಕ್ಕೂ ಗುಂಡಿಗೂ ತಾಳೆಯಾಗದಿದ್ದರೆ ಮೊದಲೇ ಹಳದಿ ಬಣ್ಣದಲ್ಲಿ ಎಚ್ಚರಿಸುತ್ತದೆ. ಆದರೆ ಅಪ್ಪನ 'ತೋರಿಸು' ಮನೆಯಲ್ಲಿ ಮಾಡಿದ ಸರಕು. ಅದೂ ಅದೇ ಜಾತಿಯದು ಎಂದು ಕಂಪೈಲರ್‌ಗೆ ಗೊತ್ತಾಗುವುದು ಹೇಗೆ? ಯಾರಾದರೂ ಹೇಳಬೇಕು. ಹೇಳಲು ಒಂದೇ ಒಂದು ಸಾಲು ಸಾಕು.

"ಹಾಕಿಬಿಡಿ ಮತ್ತೆ, ಅತ್ತಿಗೆ."

"ಹಾಕಬಹುದು. ಆದ್ರೆ ನಮ್ಮ ಮನೇಲಿ ಎಚ್ಚರಿಕೆಗಳನ್ನೇ ಪೂರ್ತಿ ಬಂದ್ ಮಾಡಿಟ್ಟಿದಾರೆ."

"ಯಾರು?"

ಅವಳು ಕೆಳಗಿನ ವರ್ಕ್‌ಶಾಪಿನ ಕಡೆ ಕಣ್ಣು ಹಾಯಿಸಿದಳು.

ಮರುದಿನ ಚಹಾ ಹೊತ್ತಿಗೆ ಅತ್ತಿಗೆ ಮೆಲ್ಲಗೆ ವಿಷಯ ಎತ್ತಿದಳು. ಅಪ್ಪ ಬಿಸ್ಕತ್ತು ಅದ್ದುತ್ತ ನಕ್ಕರು. "ಆ ಹಳದಿ ಗೆರೆ ಕಂಡ್ರೆ ನನಗೆ ತಲೆ ಕೆಡುತ್ತೆ ಕಣಮ್ಮ. ಕಂಪೈಲರ್ ಕೆಲಸ ಕಂಪೈಲ್ ಮಾಡೋದು. ಬುದ್ಧಿ ಹೇಳೋದಲ್ಲ. ಇಷ್ಟು ವರ್ಷದಿಂದ ಬೋರ್ಡು ಓಡ್ತಾ ಇಲ್ವಾ?"

"ಓಡ್ತಾ ಇದೆ ಮಾವ."

"ಮತ್ತೆ?"

ಅತ್ತಿಗೆ ಲೋಟ ಎತ್ತಿಕೊಂಡು ಒಳಗೆ ಹೋದಳು. ಅಣ್ಣನ ಹತ್ತಿರ ಹೇಳಿಕೊಂಡರೆ ಅವನು ಎರಡೂ ಕೈ ಎತ್ತಿದ. "ನನ್ನನ್ನ ಮಧ್ಯೆ ಎಳೀಬೇಡ. ನಾನು ಯಾವಾಗಲೂ ಏಣಿ ಮೇಲಿರೋನು. ಕೆಳಗಿಂದ ಒಬ್ಬರು ಅಲ್ಲಾಡಿಸಿದ್ರೂ ಬೀಳ್ತೀನಿ, ಇಬ್ಬರು ಅಲ್ಲಾಡಿಸಿದ್ರೆ ಕೇಳ್ಬೇಡ."

ಅದೇ ಸಮಯಕ್ಕೆ ಅಪ್ಪ ಹೊಸದೊಂದನ್ನು ತಂದರು. ಅಲ್ಲಿಯವರೆಗೆ ಬೋರ್ಡಿನ ಮಾತನ್ನು ನಾವೇ ತುಂಬಿಸಿ ಕೊಡುತ್ತಿದ್ದೆವು. ಬದಲಾಯಿಸಬೇಕೆಂದರೆ ಅಣ್ಣ ಹೋಗಬೇಕಿತ್ತು. ಈಗ ಬೋರ್ಡಿನ ಜೊತೆ ಅಕ್ಷರ ಒತ್ತುವ ಕೀಲಿಗಳ ಚಿಕ್ಕ ಪೆಟ್ಟಿಗೆ. ಅಂಗಡಿಯವರು ತಮಗೆ ಬೇಕಾದ್ದನ್ನು ತಾವೇ ಒತ್ತಿಕೊಳ್ಳಬಹುದು. ಮೊದಲು ತೆಗೆದುಕೊಂಡವರು ಪೇಟೆಯ ಜವಳಿ ಅಂಗಡಿಯವರು. ಮಾತಿನಲ್ಲಿ ಅವರನ್ನು ಮೀರಿಸುವವರಿಲ್ಲ. ಪೆಟ್ಟಿಗೆ ಕೈಗೆ ಬಂದದ್ದೇ ತಡ, ಇಂಗ್ಲಿಷ್ ಅಕ್ಷರಗಳಲ್ಲಿ '20% ಡಿಸ್ಕೌಂಟ್' ಎಂದು ಒತ್ತಿದರು.

ಮಧ್ಯಾಹ್ನ ಅವರ ಫೋನು ಬಂತು. ಅಮ್ಮ ಎತ್ತಿ, ಕೇಳಿಸಿಕೊಂಡು, ಫೋನನ್ನು ಕೈಯಿಂದ ಮುಚ್ಚಿ ನಮ್ಮ ಕಡೆ ತಿರುಗಿದಳು. "ಬೋರ್ಡು ಡಕಾರ ತಿಂತಾ ಇದೆಯಂತೆ."

ಅಣ್ಣನ ಜೊತೆ ನಾನೂ ಹೋದೆ. ಅಂಗಡಿಯ ಮುಂದೆ ಜನ ಕಾಲಿಡಲು ಜಾಗವಿಲ್ಲದಷ್ಟು ಸೇರಿದ್ದರು. ಬೋರ್ಡಿನ ಮೇಲೆ ಮೊದಲು 20, ಅದರ ಬೆನ್ನಿಗೆ ಉದ್ದನೆಯ ಒಂದು ಸಂಖ್ಯೆ, ಅದರ ಬಾಲಕ್ಕೆ 'ಇಸ್ಕೌಂಟ್' ಎಂದು ಗಂಭೀರವಾಗಿ ಹರಿದುಹೋಗುತ್ತಿತ್ತು. ಪ್ರತಿ ಸಲ ಹಾದುಹೋದಾಗಲೂ ಜನ ಹೋ ಎನ್ನುತ್ತಿದ್ದರು. ಚೀಲ ಹಿಡಿದ ಶಾಲಾ ಮೇಷ್ಟರೊಬ್ಬರು ಬಾಗಿಲಲ್ಲಿ ನಿಂತು, "ಸ್ವಾಮಿ, ನಲವತ್ತೊಂದು ಲಕ್ಷ ಇಸ್ಕೌಂಟ್ ಅಂದ್ರೆ ಅಂಗಡೀನೇ ನಮಗೆ ಬರ್ಕೊಡ್ತೀರಾ?" ಎಂದು ಕೇಳುತ್ತಿದ್ದರು. ಹೆಂಗಸೊಬ್ಬರು, "ನನಗೆ ಡಿಸ್ಕೌಂಟ್ ಬೇಡಪ್ಪ, ಇಸ್ಕೌಂಟೇ ಕೊಡು" ಎಂದು ಮೇಜು ಕುಟ್ಟುತ್ತಿದ್ದರು. ಜವಳಿಯವರು ಒಂದು ಕೈಯಲ್ಲಿ ಬೆವರು ಒರೆಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಬಟ್ಟೆ ಅಳೆಯುತ್ತಿದ್ದರು. ಅಣ್ಣ ಏಣಿ ಹತ್ತಿ ಸ್ಕ್ರೂ ಸಡಿಲಿಸಿದ ಮೇಲೆ ಅವರಿಗೆ ಬುದ್ಧಿ ಹೊಳೆಯಿತು. "ಏ, ಇಳಿಸಬೇಡ ಕಣಪ್ಪ! ಬೆಳಗ್ಗೆಯಿಂದ ಇಂಥ ವ್ಯಾಪಾರ ಕಂಡಿಲ್ಲ!"

ಬೋರ್ಡು ಅಷ್ಟರಲ್ಲಿ ಅಣ್ಣನ ಹೆಗಲ ಮೇಲಿತ್ತು.

ಅಪ್ಪನಿಗೆ ಮಾತ್ರ ನಗು ಬರಲಿಲ್ಲ. ಬೋರ್ಡನ್ನು ಬೆಂಚಿನ ಮೇಲಿಟ್ಟು ಪೆಟ್ಟಿಗೆಯಲ್ಲಿ 'ಸ್ವಾಗತ' ಎಂದು ಒತ್ತಿದರು. ಸ್ವಾಗತ ಸರಿಯಾಗಿ ಬಂತು. 'ಧನ್ಯವಾದ' ಒತ್ತಿದರು. ಅದೂ ಬಂತು. ಕನ್ನಡಕ ತೆಗೆದು, "ಪ್ರೋಗ್ರಾಂ ಸರಿಯಾಗೇ ಇದೆ. ಎಲ್ಲೋ ಬೆಸುಗೆ ಸಡಿಲ ಆಗಿದೆ. ಅಲ್ಲಾಡಿದಾಗ ಏನೇನೋ ತೋರಿಸ್ತಾ ಇದೆ" ಎಂದು ನನ್ನ ಕಡೆ ನೋಡಿದರು.

ನನ್ನ ಬೆಸುಗೆ! ನನಗೆ ಮೈಯೆಲ್ಲ ಉರಿದುಹೋಯಿತು. ಬೋರ್ಡಿನ ಬೆನ್ನು ಬಿಚ್ಚಿ ಒಂದೊಂದೇ ಕಾಲನ್ನು ಭೂತಗನ್ನಡಿಯಲ್ಲಿ ನೋಡುತ್ತ ಕೂತೆ. ಎಲ್ಲ ಗಟ್ಟಿಯಾಗಿದ್ದವು.

ಅಪ್ಪ ಮೇಲೆ ಹೋದ ಮೇಲೆ ಅತ್ತಿಗೆ ನನ್ನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಳು. "ಜವಳಿಯವರು ಒತ್ತಿದ್ದು ಏನು? ಅಕ್ಷರ ಬಿಡದೆ ಹೇಳು."

ಹೇಳಿದೆ. ಅವಳ ಕಣ್ಣು ಅರಳಿತು. ಪೆಟ್ಟಿಗೆಯಲ್ಲಿ ಅದನ್ನೇ ಒತ್ತಿದಳು. ಬೆಂಚಿನ ಮೇಲೆ, ಅಲ್ಲಾಡದೆ ಮಲಗಿದ್ದ ಬೋರ್ಡಿನಲ್ಲಿ ಮತ್ತೆ ಅದೇ ಉದ್ದನೆಯ ಸಂಖ್ಯೆ, ಅದೇ ಇಸ್ಕೌಂಟ್.

"ಶೇಕಡಾ ಚಿಹ್ನೆ, ಆಮೇಲೆ ಡಿ!" ಎಂದು ಅತ್ತಿಗೆ ಬೆಂಚು ತಟ್ಟಿದಳು. "ಅವರು ಒತ್ತಿದ್ದನ್ನ ನಾವು ಗುಂಡಿ ಅಂತ ಕೊಡಬೇಕಿತ್ತು. ಮಾವ ಅದನ್ನೇ ವಾಕ್ಯದ ಜಾಗದಲ್ಲಿ ಕೊಟ್ಟಿದಾರೆ. ಡಿಸ್ಕೌಂಟಿನ ಡಿ ನೋಡಿ 'ತೋರಿಸು' ಅದನ್ನ ಕಾಜ ಅಂದ್ಕೊಂಡಿದೆ. ಎಲ್ಲಿಂದಲೋ ಒಂದು ಸಂಖ್ಯೆ ಎಳೆದು ತಂದು ಹಾಕಿದೆ. ನಿನ್ನ ಬೆಸುಗೇಲಿ ಏನೂ ಇಲ್ಲ ಕಣೇ, ಬಂಗಾರದಂಥ ಬೆಸುಗೆ!"

ಆಮೇಲೆ ನಕ್ಕಳು. ನಾನೂ ನಕ್ಕೆ. ಎದುರು ಮನೆಯ ಕಿಟಕಿಯ ಜೊತೆಗೆ ಪಕ್ಕದ ಮನೆಯದೂ ತೆರೆಯಿತು. ಹೊಟ್ಟೆ ಹಿಡಿದುಕೊಂಡು ಇನ್ನೂ ಏನೇನೋ ಒತ್ತಿ ನೋಡಿದೆವು. '10% ಸೋಪ್' ಎಂದು ನಾನು ಒತ್ತಿದಾಗ ಬೋರ್ಡು ಪಕ್ಕನೆ ಕತ್ತಲಾಯಿತು. ಮತ್ತೆ ಹೊತ್ತಿಕೊಳ್ಳಲೇ ಇಲ್ಲ. ಪ್ಲಗ್ಗು ಕಿತ್ತು ಹಾಕಬೇಕಾಯಿತು.

ಅತ್ತಿಗೆಯ ನಗು ಅಲ್ಲೇ ನಿಂತಿತು. "ಎಸ್ ಅಂದ್ರೆ ಹೆಸರು. ಇಲ್ಲದ ಹೆಸರನ್ನ ಹುಡುಕ್ಕೊಂಡು ಹೋಗಿ ಎಲ್ಲೋ ಬಿದ್ದಿದೆ." ಅವಳ ನೋಟ ಬೆಂಚಿನ ಆ ತುದಿಗೆ ಹೋಯಿತು. ಅಲ್ಲಿ ಆಸ್ಪತ್ರೆಗೆ ಹೋಗಬೇಕಾದ ದೊಡ್ಡ ಬೋರ್ಡು ಅರ್ಧ ಜೋಡಿಸಿದ ಸ್ಥಿತಿಯಲ್ಲಿತ್ತು. ರೋಗಿಗಳ ಟೋಕನ್ ನಂಬರು, ಕೋಣೆ, ಡಾಕ್ಟರ ಹೆಸರು ತೋರಿಸುವಂಥದ್ದು. ಅದಕ್ಕೂ ಇದೇ 'ತೋರಿಸು'.

ಇಬ್ಬರೂ ಅಡುಗೆಮನೆಗೆ ಹೋದೆವು. ಈರುಳ್ಳಿ ಹೆಚ್ಚುತ್ತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಮುಖ್ಯವಾದದ್ದು ಅರ್ಥವಾಯಿತು.

"ಹೇಳೋಕೆ ಭಯಾನಾ?"

"ಭಯ ಅಲ್ಲ ಅತ್ತೆ. ಉಣ್ತಾ ಕೂತಿರೋ ಮಾವನ ತಟ್ಟೆಗೆ ನಾನು ಹೋಗಿ ಉಪ್ಪು ಹಾಕಿದ ಹಾಗಾಗುತ್ತೆ."

ಅಮ್ಮ ಚಾಕು ಕೆಳಗಿಟ್ಟಳು. "ನೋಡು ಮಗು, ಇವರಿಗೆ ಮನುಷ್ಯರು ತಪ್ಪು ಅಂದ್ರೆ ಕೋಪ ಬರುತ್ತೆ. ಯಂತ್ರ ತಪ್ಪು ಅಂದ್ರೆ ಕುತೂಹಲ ಬರುತ್ತೆ. ತಾವು ಮಾಡಿದ ಸಾರಿಗೆ ಉಪ್ಪು ಸಾಲದು ಅಂದ್ರೆ ಮುಖ ತಿರುಗಿಸ್ಕೊಂಡು ಎದ್ದು ಹೋಗ್ತಾರೆ. ಫ್ಯಾನು ಕಿರ್ ಅಂದ್ರೆ ಊಟ ಬಿಟ್ಟು ಅದರ ಕೆಳಗೆ ನಿಂತ್ಕೋತಾರೆ. ನಿನ್ನ ಬದಲು ಮಾತಾಡೋಕೆ ಅಲ್ಲಿ ಏನೋ ಇದೆ ಅಂದ್ಯಲ್ಲ, ಅದರ ಬಾಯಿ ಬಿಚ್ಚಿಸು."

ಅತ್ತಿಗೆ ಅಮ್ಮನ ಈರುಳ್ಳಿ ಕೈಯನ್ನೇ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ಕಣ್ಣು ಉರಿದು ಕುಣಿದಾಡಿದ್ದು ಬೇರೆ ವಿಷಯ.

ಮರುದಿನ ಬೆಳಗ್ಗೆ ಅಪ್ಪ ಕೆಳಗಿಳಿದಾಗ ಅತ್ತಿಗೆ ಅವರ ಕುರ್ಚಿಯನ್ನು ಸರಿಮಾಡಿಟ್ಟಿದ್ದಳು. "ಮಾವ, ಜವಳಿ ಬೋರ್ಡಿನ ವಿಷಯ ಕಂಪೈಲರ್‌ನ ಒಂದು ಮಾತು ಕೇಳೋಣ ಅಂತ. 'ತೋರಿಸು' ಎಂಥದ್ದು ಅಂತ ಅದಕ್ಕೆ ಗೊತ್ತಿರಲಿಲ್ಲ. ಒಂದು ಸಾಲು ಸೇರಿಸಿ ಪರಿಚಯ ಮಾಡ್ಸಿ, ಬಂದ್ ಆಗಿದ್ದ ಎಚ್ಚರಿಕೆಗಳನ್ನ ಮತ್ತೆ ಶುರು ಮಾಡಿದೀನಿ. ಬೇರೆ ಏನೂ ಮುಟ್ಟಿಲ್ಲ. ನೀವೇ ಒತ್ತಿ."

ಅಪ್ಪ ಅನುಮಾನದಿಂದ ಒತ್ತಿದರು. ಪರದೆಯ ಮೇಲೆ ಹಳದಿ ಹಳದಿ ಹಳದಿ. ಮೇಲಿಂದ ಕೆಳಗೆ ಉರುಳುತ್ತಲೇ ಹೋಯಿತು. ಅಪ್ಪನ ಹುಬ್ಬು ಗಂಟಿಕ್ಕಿತು. ನಾನು ಬೆಸುಗೆ ಕಡ್ಡಿ ಹಿಡಿದುಕೊಂಡು ಬೆಸೆಯುವವಳಂತೆ ನಟಿಸುತ್ತಿದ್ದೆ. ಏಣಿ ತೆಗೆದುಕೊಂಡು ಹೋಗಲು ಬಂದ ಅಣ್ಣ ಏಣಿ ಬಿಟ್ಟೇ ಹೊರಗೆ ಹೋದ.

ಅಪ್ಪ ಕನ್ನಡಕ ಹಾಕಿಕೊಂಡು ಒಂದು ಸಾಲು ಓದಿದರು. ಇನ್ನೊಂದು ಓದಿದರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಇದೇನಮ್ಮ ಇದು? ಇಲ್ಲಿ ವಾಕ್ಯದ ಜಾಗದಲ್ಲಿರೋದು ಬರೆದಿಟ್ಟ ವಾಕ್ಯ ಅಲ್ಲ, ಹೊರಗಿಂದ ಬಂದದ್ದು ಅಂತಿದೆ."

"ಹೌದಾ ಮಾವ? ಯಾವ ಜಾಗ?" ಅತ್ತಿಗೆಯ ದನಿಯಲ್ಲಿ ಸಕ್ಕರೆ.

"ಕೀಲಿ ಪೆಟ್ಟಿಗೆಯಿಂದ ಓದೋ ಜಾಗ. ಅಂದ್ರೆ ಅಂಗಡಿಯವರು ಒತ್ತಿದ್ದು..." ಅಪ್ಪನ ತುಟಿ ಅಲ್ಲಾಡಿತು. ಶೇಕಡಾ, ಡಿ, ಎಂದು ತಮ್ಮಲ್ಲೇ ಹೇಳಿಕೊಂಡರು. ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೇನೋ ಎಂದು ನಾನು ಗಾಬರಿಯಾಗಿ ಎದ್ದೆ. "ಇಸ್ಕೌಂಟ್!" ಎಂದು ಅಪ್ಪ ಕೂಗಿದರು. "ಅಯ್ಯೋ ದೇವರೇ, ಇಸ್ಕೌಂಟ್!" ಅವರು ಕುರ್ಚಿಯಿಂದ ಜಾರಿಬೀಳುವಷ್ಟು ನಕ್ಕರು. ಅತ್ತಿಗೆ ತಡೆದಿಟ್ಟುಕೊಂಡಿದ್ದನ್ನೆಲ್ಲ ಬಿಟ್ಟಳು. ಅಮ್ಮ ಮೇಲಿನಿಂದ ಓಡಿಬಂದಳು.

ನಗು ಇಳಿದ ಮೇಲೆ ಅಪ್ಪ ಕಣ್ಣೊರೆಸಿಕೊಂಡು ನನ್ನ ಬೆಂಚಿನ ಹತ್ತಿರ ಬಂದರು. "ನಿನ್ನ ಬೆಸುಗೆ ಮೇಲೆ ಸುಮ್ಮನೆ ತಪ್ಪು ಹೊರಿಸಿದೆ ಕಣೇ. ಮನಸ್ಸಲ್ಲಿ ಇಟ್ಕೋಬೇಡ." ಅಪ್ಪ ಯಾರ ಹತ್ತಿರವೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡೆ.

ಆ ವಾರವೆಲ್ಲ ವರ್ಕ್‌ಶಾಪು ಮದುವೆ ಮನೆಯಂತಿತ್ತು. ಅಪ್ಪನೂ ಅತ್ತಿಗೆಯೂ ಒಂದೊಂದೇ ಹಳದಿ ಸಾಲು ಹಿಡಿದು ತಿದ್ದಿದರು. ಒಂದು ಹೋದಾಗ ಅಪ್ಪ ಚಿಟಿಕೆ ಹಾಕುವರು. ಕೆಲವು ಕಡೆ ಚಿಕ್ಕ ಸಂಖ್ಯೆಯ ಜಾಗಕ್ಕೆ ದೊಡ್ಡ ಸಂಖ್ಯೆ ಕೊಟ್ಟಿದ್ದರು, ಕೆಲವು ಕಡೆ ಒಂದು ಗುಂಡಿ ಹೆಚ್ಚಾಗಿತ್ತು. "ಇಷ್ಟು ದಿನ ಇವೆಲ್ಲ ಹೇಗೆ ಓಡ್ತಿದ್ವೋ!" ಎಂದು ಅಪ್ಪನೇ ಬೆರಗಾದರು. ಅಮ್ಮ ಚಹಾ ತಂದಾಗಲೆಲ್ಲ "ಇನ್ನೆಷ್ಟು ಹಳದಿ?" ಎಂದು ಕೇಳಿ ಹೋಗುವಳು.

ಆಸ್ಪತ್ರೆ ಬೋರ್ಡಿನ ಪಾಲಿಗೆ ಬಂದ ಸಾಲೊಂದರ ಮುಂದೆ ಇಬ್ಬರೂ ಗಂಭೀರರಾದರು. ಡಾಕ್ಟರು ಬರದ ದಿನ ತೋರಿಸಬೇಕಾದ ಮಾತು ಅದು: ಇಂಥ ಡಾಕ್ಟರು ಇಲ್ಲ, ಇಷ್ಟನೆಯ ಕೋಣೆಗೆ ಹೋಗಿ ಎಂದು. ಅಲ್ಲಿ ಹೆಸರಿನ ಜಾಗಕ್ಕೆ ಕೋಣೆಯ ನಂಬರು, ನಂಬರಿನ ಜಾಗಕ್ಕೆ ಹೆಸರು ಕೊಡಲಾಗಿತ್ತು. ಅಪರೂಪಕ್ಕೆ ಬರುವ ಮಾತಾದ್ದರಿಂದ ನಾವು ಪರೀಕ್ಷಿಸುವಾಗ ಒಮ್ಮೆಯೂ ಅದು ಬಂದಿರಲಿಲ್ಲ. ಬಂದಿದ್ದರೆ ಸೋಪಿನ ಹಾಗೆಯೇ ಬೋರ್ಡು ಕತ್ತಲಾಗುತ್ತಿತ್ತು, ಕೆಳಗೆ ರೋಗಿಗಳು ಕಾಯುತ್ತ ಕೂತಿರುತ್ತಿದ್ದರು.

ಅಪ್ಪ ಅದನ್ನು ಮೆಲ್ಲಗೆ ತಿದ್ದಿದರು. "ಜವಳಿ ಅಂಗಡೀಲಿ ಆದದ್ದೇ ಒಳ್ಳೇದಾಯ್ತು" ಎಂದರು.

"ಆದ್ರೆ ಮಾವ, ಟೋಕನ್ ನಂಬರಿನ ಜಾಗಕ್ಕೆ ಕೋಣೆ ನಂಬರು ಕೊಟ್ರೆ ಇದು ಹಿಡಿಯಲ್ಲ. ಎರಡೂ ಸಂಖ್ಯೇನೇ ಅಲ್ವಾ? ಅದನ್ನ ನಾವೇ ನೋಡ್ಬೇಕು."

"ಹಂಗಾದ್ರೆ ನಮಗೂ ಸ್ವಲ್ಪ ಕೆಲಸ ಉಳಿಸಿದೆ ಅನ್ನು" ಎಂದು ಅಪ್ಪ ಖುಷಿಯಾದರು. ಇಬ್ಬರೂ ಪಕ್ಕಪಕ್ಕ ಕೂತು, ಒಬ್ಬರು ವಾಕ್ಯ ಓದುತ್ತ ಇನ್ನೊಬ್ಬರು ಹೂಂಗುಟ್ಟುತ್ತ, ಅಂಥವನ್ನೆಲ್ಲ ನೋಡಿ ಮುಗಿಸಿದರು.

ಕೊನೆಯ ಹಳದಿ ಸಾಲು ಮಾಯವಾದ ದಿನ ಅಪ್ಪ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದರು. ಇನ್ನು ಮುಂದೆ ಎಚ್ಚರಿಕೆಯೊಂದು ಬಂದರೂ ಅದನ್ನು ತಪ್ಪೆಂದೇ ಲೆಕ್ಕಕ್ಕೆ ತೆಗೆದುಕೊಂಡು ಕಂಪೈಲರ್ ಕೆಲಸ ನಿಲ್ಲಿಸುವಂತೆ ಮಾಡಿಟ್ಟರು. ಅದಕ್ಕೆ ಮೊದಲು ಸಿಕ್ಕಿಬಿದ್ದವಳು ಅತ್ತಿಗೆಯೇ. ಅವಸರದಲ್ಲಿ ಏನೋ ಬರೆದು ಒತ್ತಿದರೆ ಕೆಂಪು. "ಯಾರ್ರೀ ಇದು ಮಾಡಿದ್ದು?" ಎಂದು ಅವಳು ಕೂಗಿಕೊಂಡಳು. ಅಪ್ಪ ಪೇಪರಿನ ಹಿಂದೆ ಮುಖ ಮರೆಮಾಡಿಕೊಂಡು, "ಬುದ್ಧಿ ಹೇಳೋದೂ ಅದರ ಕೆಲಸಾನೇ ಕಣಮ್ಮ" ಎಂದರು.

ಜವಳಿಯವರಿಗೆ ಮಾತ್ರ ಸಮಾಧಾನವಿಲ್ಲ. ಸರಿಯಾದ ಬೋರ್ಡನ್ನು ಕಟ್ಟಿಬಂದ ಮರುದಿನವೇ ಫೋನು ಮಾಡಿದರು. "ಈಗ ಯಾರೂ ನಿಂತು ನೋಡಲ್ಲ ಮಾಸ್ತರೇ! ವಾರಕ್ಕೊಂದು ದಿನ ಆದ್ರೂ ಕೆಡಿಸಿಕೊಡಿ." ಅತ್ತಿಗೆ ಅವರಿಗೆ ಒಂದು ಉಪಾಯ ಹೇಳಿಕೊಟ್ಟಳು. ಇಸ್ಕೌಂಟ್ ಎಂದು ಅವರೇ ಒತ್ತಿಕೊಳ್ಳಬಹುದು, ಈಗ ಬೋರ್ಡು ಒತ್ತಿದ್ದನ್ನು ಒತ್ತಿದ ಹಾಗೇ ತೋರಿಸುತ್ತದೆ. ಅವರು ಹಾಗೆಯೇ ಮಾಡಿದರು. ಆ ಅಂಗಡಿಗೆ ಈಗಲೂ ಪೇಟೆಯಲ್ಲಿ ಅದೇ ಹೆಸರು.

ಆಸ್ಪತ್ರೆಯಲ್ಲಿ ಬೋರ್ಡು ಹೊತ್ತಿಸಿದ ದಿನ ನಾವೆಲ್ಲ ಹೋಗಿದ್ದೆವು. ಉದ್ದನೆಯ ಹಜಾರ, ಗೋಡೆಗೆ ತಾಗಿದ ಬೆಂಚುಗಳು, ಔಷಧಿಯ ವಾಸನೆ. ಅಣ್ಣ ಏಣಿ ಇಳಿದ. ಹಿರಿಯ ನರ್ಸಮ್ಮ ಕೀಲಿ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು, "ಏನು ಬೇಕಾದ್ರೂ ಒತ್ತಬಹುದಾ?" ಎಂದು ಕೇಳಿದರು. ಅಪ್ಪ ಎದೆಯುಬ್ಬಿಸಿ, "ಏನು ಬೇಕಾದ್ರೂ" ಎಂದರು. ನರ್ಸಮ್ಮ, '100% ಡಾಕ್ಟರ್ ಬಂದಿದ್ದಾರೆ' ಎಂದು ಒತ್ತಿದರು. ನಾನು ಅತ್ತಿಗೆಯ ಕಡೆ ತಿರುಗಿದೆ: ಶೇಕಡಾ, ಆಮೇಲೆ ಡಿ! ಅಕ್ಷರಗಳು ಬಲದಿಂದ ಬಂದವು, ಒಂದೂ ಬಿಡದೆ, ಡಿಯೂ ಸೇರಿ. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಚಪ್ಪಾಳೆ ತಟ್ಟಿದರು. ಬೋರ್ಡಿಗೋ, ಡಾಕ್ಟರು ಬಂದದ್ದಕ್ಕೋ ಗೊತ್ತಾಗಲಿಲ್ಲ.

"ಇದನ್ನ ಬರೆದವರು ಯಾರು?" ಎಂದು ನರ್ಸಮ್ಮ ಕೇಳಿದರು.

"ನಾನು, ನನ್ನ ಸೊಸೆ" ಎಂದರು ಅಪ್ಪ. ಒಂದು ಕ್ಷಣ ಬಿಟ್ಟು, "ಸೊಸೆ, ನಾನು" ಎಂದು ತಿದ್ದಿದರು. ಅತ್ತಿಗೆ ಗೋಡೆಯ ಮೇಲಿನ 'ನಿಶ್ಶಬ್ದ' ಎಂಬ ಫಲಕವನ್ನೇ ನೋಡುತ್ತ ನಿಂತಳು.

ಹಿಂದಿರುಗುವಾಗ ಬಿಸಿಲು ಇಳಿಯುತ್ತಿತ್ತು. ಎಲ್ಲರೂ ನಡೆದೇ ಬಂದೆವು. ಅಪ್ಪನೂ ಅತ್ತಿಗೆಯೂ ಮುಂದೆ. ಅಕ್ಷರಗಳು ಎಡದಿಂದ ಬಲಕ್ಕೂ ಓಡುವಂತೆ ಮಾಡಬಹುದೇ ಎಂದು ವಾದಕ್ಕೆ ಬಿದ್ದಿದ್ದರು. "ಆಗುತ್ತೆ ಮಾವ", "ಆಗಲ್ಲ ಕಣಮ್ಮ", "ಯಾಕಾಗಲ್ಲ?" ಎನ್ನುತ್ತ, ಗಾಳಿಯಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತ, ನಮ್ಮ ಮನೆಯ ಗೇಟು ದಾಟಿ ಮುಂದೆ ಹೊರಟೇಬಿಟ್ಟರು. ಅಣ್ಣ ಏಣಿ ಇಳಿಸಿ ಕೂಗಿದ. ಕೇಳಿಸಲಿಲ್ಲ. ನಾನು ಕೂಗಿದೆ. ಅದೂ ಇಲ್ಲ.

"ಬಿಡು, ಬೀದಿ ಕೊನೆಗೆ ಗೋಡೆ ಇದೆ, ಅಲ್ಲಿ ನಿಲ್ತಾರೆ" ಎಂದು ಅಮ್ಮ ಗೇಟಿಗೆ ಒರಗಿಕೊಂಡಳು. ದೂರದಲ್ಲಿ ಅತ್ತಿಗೆಯ ನಗು ಕೇಳಿಸಿತು. ಅದಕ್ಕೆ ಅಪ್ಪನ ನಗುವೂ ಸೇರಿತು.